ಪಂಚಕದ ದಿನ ಖಾಲಿ ಬಂದ ವ್ಯಾನು

ನಾನು ಕೆಲಸ ಬಿಟ್ಟದ್ದು ಬೆನ್ನು ಹೋಯಿತು ಅಂತ. ಬೇರೆ ಕಾರಣ ಹೇಳುವವರನ್ನು ನಂಬಬೇಡಿ. ದಿನಾ ಸಾವು ನೋಡಿ ನೋಡಿ ವೈರಾಗ್ಯ ಬಂತಂತೆ ಎಂದು ಬೆಟಗೇರಿಯ ನಮ್ಮ ಓಣಿಯಲ್ಲಿ ಸುದ್ದಿ ಹಬ್ಬಿದೆ. ವೈರಾಗ್ಯವೂ ಇಲ್ಲ, ಗಿರಾಗ್ಯವೂ ಇಲ್ಲ. ಏಳಲಾಗದವರನ್ನು ಎತ್ತಿ ಕೂಡಿಸಿ, ಮಗ್ಗುಲು ಬದಲಿಸಿ, ಮತ್ತೆ ಮಲಗಿಸಿ ನನ್ನ ಸೊಂಟದ ಮಣಿ ಸರಿದಿದೆ. ಎಲುಬಿನ ಡಾಕ್ಟರು ಇನ್ನು ಮೇಲೆ ಒಂದು ಕೊಡ ನೀರೂ ಎತ್ತಬಾರದು ಅಂದರು. ಆದ್ದರಿಂದ ಉಳಿದವರು ಬಡ್ತಿಗೆ ಕಾಯುವ ವಯಸ್ಸಿನಲ್ಲಿ ನಾನು ನಿವೃತ್ತಳಾದೆ.

ಬೀಳ್ಕೊಡುಗೆಯ ದಿನ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ನಮ್ಮ ಕಮಿಟಿಯ ಅಧ್ಯಕ್ಷರು ನನ್ನದು ‘ದೇವರ ಸೇವೆ’ ಅಂದರು. ನಾನು ಮೈಕು ತೆಗೆದುಕೊಂಡು ಹೇಳಿದೆ: “ದೇವರ ಸೇವಾ ಮಾಡಿಲ್ರಿ ನಾನು. ಪಗಾರ ತಗೊಂಡು ಕೆಲಸ ಮಾಡೀನಿ. ಪಗಾರ ಕಡಿಮಿ ಇತ್ತು, ಅದು ಬ್ಯಾರೆ ಮಾತು.” ಮಂದಿ ನಕ್ಕರು. ನಮ್ಮ ಹಿರಿಯ ನರ್ಸು ಶಾರದಕ್ಕ ಹಿಂದಿನಿಂದ ನನ್ನ ಸೆರಗು ಜಗ್ಗಿ, “ಇವತ್ತರೆ ಸುಮ್ನ ಕುಂಡರಲೇ” ಅಂದಳು.

ಸುಮ್ಮನೆ ಕೂಡುವ ಗುಣ ನನ್ನದಲ್ಲ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಢಾಲು ಗೆದ್ದವಳು ನಾನು. ಪರವಾಗಿ ಮಾತಾಡು ಅಂದರೆ ಪರವಾಗಿ, ವಿರೋಧವಾಗಿ ಅಂದರೆ ವಿರೋಧವಾಗಿ. ಎದುರಾಳಿಯ ಮಾತಿನಲ್ಲಿ ಕೀಲು ಎಲ್ಲಿದೆ ಎಂದು ಹುಡುಕುವುದನ್ನು ಅಲ್ಲಿಯೇ ಕಲಿತೆ. ಈ ಕೆಲಸಕ್ಕೆ ಈಗ ಹೊಸದಾಗಿ ಸೇರುತ್ತಿರುವ ಹುಡುಗ ಹುಡುಗಿಯರಿಗೆ ಇದನ್ನು ಬರೆಯುತ್ತಿದ್ದೇನೆ. ನಿಮಗೆ ಮೊದಲ ದಿನ ‘ಕರುಣೆ ಇರಬೇಕು’ ಎಂದು ಹೇಳಿಕೊಡುತ್ತಾರೆ. ಇರಲಿ, ಕೆಟ್ಟದ್ದಲ್ಲ. ಆದರೆ ಜಗಳ ಆಡಲೂ ಬರಬೇಕು ಎಂದು ಯಾರೂ ಹೇಳುವುದಿಲ್ಲ. ಅದನ್ನು ನಾನು ಹೇಳುತ್ತೇನೆ.

ನಮ್ಮ ಸಂಸ್ಥೆ ಏನು ಮಾಡುತ್ತದೆ ಎಂಬುದು ಗೊತ್ತಿಲ್ಲದವರಿಗೆ ಒಂದು ಮಾತು. ದೊಡ್ಡ ಆಸ್ಪತ್ರೆಯವರು ‘ಇನ್ನ ಮನಿಗೆ ಕರಕೊಂಡು ಹೋಗ್ರಿ’ ಎಂದು ಕೈಬಿಟ್ಟ ಮೇಲೆ ಉಳಿಯುವ ತಿಂಗಳೋ ವಾರವೋ ಇರುತ್ತದಲ್ಲ, ಅದು ನಮ್ಮ ಪಾಲು. ನೋವು ಇಳಿಸುವುದು, ಗಾಯ ತೊಳೆಯುವುದು, ಬಾಯಿ ಒರೆಸುವುದು, ಹೊಟ್ಟೆ ಕಟ್ಟದಂತೆ ನೋಡುವುದು, ಮನೆಯವರ ಸಿಟ್ಟು ಅಳು ಎರಡನ್ನೂ ತಡೆದುಕೊಳ್ಳುವುದು. ಗದಗಿನಲ್ಲಿ ಕೆಲವು ಹಾಸಿಗೆ, ಶಿರಹಟ್ಟಿ ಲಕ್ಷ್ಮೇಶ್ವರ ಮುಂಡರಗಿ ಕಡೆ ಸುತ್ತಲಿಕ್ಕೆ ಒಂದು ವ್ಯಾನು. ದುಡ್ಡು ತೆಗೆದುಕೊಳ್ಳುವುದಿಲ್ಲ. ಊರವರು ಪ್ರೀತಿಯಿಂದ ‘ಸಾಯೋರ ದವಾಖಾನಿ’ ಅನ್ನುತ್ತಾರೆ.

ಸೇರಿದ ಹೊಸದರಲ್ಲಿ ಮುಂಡರಗಿಗೆ ಹೋದೆ. ನಿವೃತ್ತ ಬಸ್ ಡ್ರೈವರ್ ಒಬ್ಬರಿಗೆ ದವಡೆಯ ಕ್ಯಾನ್ಸರು. ಮಾರ್ಫಿನ್ ಕೊಡಬೇಕು. ಮಗ ಅಡ್ಡ ನಿಂತ. “ಚಟಾ ಆದ್ರ ಏನ್ ಮಾಡೂದ್ರಿ ಮೇಡಂ?” ನಾನು ಎದ್ದು ನಿಂತು, ಅಕ್ಷರಶಃ ಎದ್ದು ನಿಂತು, ಒಂದು, ಎರಡು, ಮೂರು ಎಂದು ಬೆರಳು ಮಡಿಚಿ ವಾದ ಮಂಡಿಸಿದೆ. ಮುಗಿದ ಮೇಲೆ ಡ್ರೈವರ್ ಅವರ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡು, “ಭಾಷಣ ಛಲೋ ಆತವಾ. ಈಗ ಗುಳಿಗಿ ಕೊಡು” ಅಂದರು. ಆಮೇಲೆ ಮಗನ ಕಡೆ ತಿರುಗಿದರು: “ನೀ ಹುಟ್ಟಿದಾಗಿಂದ ನಿಮ್ಮಪ್ಪ ತಂಬಾಕ ಹಾಕ್ಯಾನ. ಆಗ ಚಟದ ಚಿಂತಿ ಯಾರಿಗೂ ಇರಲಿಲ್ಲ. ಸಾಯೂ ಮುಂದ ಬಂತೇನ್ಲೇ ನಿನಗ?” ಮಗ ಗುಳಿಗೆಯನ್ನು ತಾನೇ ಅರೆದು ಕುಡಿಸಿದ. ನನ್ನ ಮೂರು ಅಂಶಗಳಲ್ಲಿ ತಪ್ಪೇನೂ ಇರಲಿಲ್ಲ, ಈಗಲೂ ಇಲ್ಲ. ಆದರೆ ಅವತ್ತಿನಿಂದ ಕೂತೇ ಮಾತಾಡಿದೆ.

ನೋವು ಕೇಳುವ ರೀತಿ ಬದಲಾದದ್ದು ಡೋಣಿ ಎಂಬ ಹಳ್ಳಿಯಲ್ಲಿ. ಹೊರಗಿನಿಂದ ತರಬೇತಿ ಕೊಡಲು ಬಂದಿದ್ದವರು, ನೋವು ಹತ್ತಕ್ಕೆ ಎಷ್ಟು ಎಂದು ಕೇಳಿರಿ ಅಂದಿದ್ದರು. ಡೋಣಿಯ ಒಬ್ಬ ಅಜ್ಜನನ್ನು ಕೇಳಿದೆ.

“ಹತ್ತರಾಗ ಎಷ್ಟು ಬ್ಯಾನಿ ಐತಿ ಅಜ್ಜಾ?”

“ಯಾವ ಹತ್ತು?”

“ಸೊನ್ನೆ ಅಂದ್ರ ಇಲ್ಲ, ಹತ್ತು ಅಂದ್ರ ತಡಕೊಳ್ಳಾಕ ಆಗಂಗಿಲ್ಲ.”

“ತಡಕೊಳ್ಳಾಕ ಆಗದಿದ್ರ ನಿನ್ನ ಕೂಡ ಹಿಂಗ ಮಾತಾಡ್ತಿದ್ದೆನೇನವಾ? ನಿನ್ನೆಗಿಂತ ನಾಕಾಣೆ ಆರಾಮ ಐತಿ ನೋಡು.”

ಅದೇ ಸರಿಯಾದ ಅಳತೆ. ಆಣೆ ಚಲಾವಣೆ ನಿಂತು ಎಷ್ಟೋ ಕಾಲವಾದರೂ ನಮ್ಮ ಕಡೆ ಜಡ್ಡು ಈಗಲೂ ಆಣೆಯ ಲೆಕ್ಕದಲ್ಲೇ ಇಳಿಯುತ್ತದೆ. ಅಂದಿನಿಂದ ‘ರೂಪಾಯಿಗೆ ಎಷ್ಟಾಣೆ ಬ್ಯಾನಿ’ ಎಂದೇ ಕೇಳಿದೆವು. ತರಬೇತಿಯವರು ಇದು ಶಾಸ್ತ್ರೀಯವಲ್ಲ ಎಂದು ಆಕ್ಷೇಪಿಸಿದಾಗ, ಯಾರಿಗೂ ತಿಳಿಯದ ಹತ್ತಕ್ಕಿಂತ ಎಲ್ಲರಿಗೂ ತಿಳಿಯುವ ರೂಪಾಯಿಯ ಹದಿನಾರಾಣೆ ಹೆಚ್ಚು ಶಾಸ್ತ್ರೀಯ ಅಂದೆ. ಅವರು ಹೋಗುವಾಗ ನನ್ನ ಜೊತೆ ಮಾತಾಡಲಿಲ್ಲ.

ಮೇಲಿನವರ ತಪ್ಪುಗಳನ್ನೂ ಹೇಳಬೇಕಲ್ಲ. ಕಮಿಟಿಯವರು ಒಮ್ಮೆ ಉತ್ಸಾಹದಿಂದ ವ್ಯಾನಿಗೆ ಬಣ್ಣ ಹೊಡೆಸಿದರು. ಎರಡೂ ಮಗ್ಗುಲಿಗೆ ಉರಿಯುವ ಹಣತೆ, ಕೆಳಗೆ ‘ಅಂತಿಮ ಪಯಣದ ಸಂಗಾತಿ’. ಕಳಸಾಪುರದ ಅಗಸಿ ಬಾಗಿಲಲ್ಲೇ ನಮ್ಮನ್ನು ತಡೆದರು. “ಹೆಣದ ಗಾಡಿ ಊರಾಗ ಬರಬಾರದು. ಯಾರರೆ ಸತ್ತಾರೇನು ಮೊದಲು ಹೇಳ್ರಿ.” ಯಾರೂ ಸತ್ತಿಲ್ಲ ಅಂದರೆ, “ಹಂಗಾರ ಯಾರಿಗೆ ಕಾಯಾಕ ಬಂದೀರಿ?” ನೋಡಬೇಕಾದ ಹೆಣ್ಣುಮಗಳು ಮನೆಯಲ್ಲಿ ಗಾಯದ ಪಟ್ಟಿ ಬದಲಿಸಲಿಕ್ಕೆ ಕಾಯುತ್ತಿದ್ದಳು. ನಾವು ಔಷಧದ ಡಬ್ಬಿ ಹೊತ್ತು ಬಿಸಿಲಿನಲ್ಲಿ ನಡೆದು ಹೋದೆವು. ಮರುದಿನ ನಾನು ಸುಣ್ಣದ ಬಕೆಟ್ಟು ತಂದು ಕಮಿಟಿಯ ಅಧ್ಯಕ್ಷರ ಟೇಬಲ್ಲಿನ ಮೇಲಿಟ್ಟೆ. ವ್ಯಾನು ಬೆಳ್ಳಗಾಯಿತು.

ಇನ್ನು ಪಂಚಕದ ಸಂಗತಿ. ನಾನು ಇದನ್ನೆಲ್ಲ ಬರೆಯಲು ಕೂತದ್ದೇ ಇದಕ್ಕಾಗಿ.

ನಮಗೆ ಬರುವ ಫೋನುಗಳಿಗೆ ಒಂದು ವಿಚಿತ್ರ ನಡಿಗೆ ಇತ್ತು. ಎರಡು ಮೂರು ವಾರ ಹಾಸಿಗೆ ಬೇಕೆಂದು ಕೇಳುವವರೇ ಇಲ್ಲ. ಆಮೇಲೆ ಒಂದು ದಿನ ಒಮ್ಮೆಲೇ ಎಲ್ಲ ಕಡೆಯಿಂದ. “ಇವತ್ತಾ ಒಯ್ರಿ. ಮಧ್ಯಾಹ್ನದೊಳಗ ಒಯ್ರಿ.” ನೋವು ಹೆಚ್ಚಾಗಿದೆಯೇ ಅಂದರೆ ಇಲ್ಲ. ಉಸಿರು ಕಟ್ಟುತ್ತಿದೆಯೇ ಅಂದರೆ ಇಲ್ಲ. ಲಕ್ಷ್ಮೇಶ್ವರದ ಅರಿವೆ ಅಂಗಡಿಯವರ ಮಗನನ್ನು ನಾನು ಬಿಡಲಿಲ್ಲ. ಮಧ್ಯಾಹ್ನದೊಳಗೇ ಯಾಕೆ, ಸಂಜೆ ಬಂದರೆ ನಡೆಯುವುದಿಲ್ಲವೇ ಎಂದು ಕೇಳಿದೆ. ಅವನು ಗಂಟಲು ಸರಿಮಾಡಿಕೊಂಡು, “ಹಂಗಲ್ರಿ… ಆಮ್ಯಾಲೆ ಪಂಚಕ ಹತ್ತತೈತ್ರಿ” ಅಂದ.

ಪಂಚಕ ಅಂದರೆ ಧನಿಷ್ಠಾದಿಂದ ರೇವತಿಯವರೆಗಿನ ಐದು ನಕ್ಷತ್ರಗಳ ದಿನಗಳು. ತಿಂಗಳಿಗೊಮ್ಮೆ ಬರುತ್ತವೆ. ಆ ದಿನಗಳಲ್ಲಿ ಮನೆಯೊಳಗೆ ಒಂದು ಜೀವ ಹೋದರೆ ಅದು ಒಂದಕ್ಕೇ ನಿಲ್ಲುವುದಿಲ್ಲ, ಮನೆಯ ಇನ್ನಷ್ಟು ಮಂದಿಯನ್ನು ಕರೆಯುತ್ತದೆ ಎಂಬ ಅಂಜಿಕೆ. ಹಾಗಾದಾಗ ಮನೆ ಬಿಡಬೇಕು. ಬಾಗಿಲಿಗೆ ಕೀಲಿ ಜಡಿದು, ಅಡ್ಡ ಬಾರಿಮುಳ್ಳು ಹಚ್ಚಿ, ಮೂರು ತಿಂಗಳೋ ಆರು ತಿಂಗಳೋ ಬೇರೆ ಕಡೆ ಇದ್ದು ಬರಬೇಕು. ಇದು ಯಾರಿಗೆ ಬೇಕು? ಆದ್ದರಿಂದ ಜಾಣರು ಒಂದು ಹಾದಿ ಕಂಡುಕೊಂಡಿದ್ದರು. ಬದುಕಿದವರು ಮನೆ ಬಿಡುವುದಕ್ಕಿಂತ ಸಾಯುವವರನ್ನೇ ಮನೆ ಬಿಡಿಸುವುದು. ಮೊದಲು ದನದ ಕೊಟ್ಟಿಗೆ ಇತ್ತು, ಹಿತ್ತಲಿನ ತಗಡಿನ ಚಪ್ಪರ ಇತ್ತು. ಈಗ ನಾವಿದ್ದೆವು.

ಲಕ್ಷ್ಮೇಶ್ವರದ ಆ ಅರಿವೆ ಅಂಗಡಿಯ ಹಿರಿಯರನ್ನು ಕರೆತಂದೆವು. ಪಂಚಕ ಮುಗಿದ ಬೆಳಿಗ್ಗೆ ಮಗ ಕಾರು ತಂದು, “ಮುಗೀತ್ರಿ, ಒಯ್ತೀವಿ” ಎಂದು ಒಯ್ದ. ಮುಂದಿನ ತಿಂಗಳು ಮತ್ತೆ ಫೋನು. ಎರಡನೇ ಸಲ ತರುವಾಗ ಹಾದಿಯಲ್ಲೇ, ನಮ್ಮ ವ್ಯಾನಿನಲ್ಲೇ, ಅವರ ಜೀವ ಹೋಯಿತು. ಹಿಂದೆ ಕಾರಿನಲ್ಲಿ ಬರುತ್ತಿದ್ದ ಮಗ ಇಳಿದು ಓಡಿ ಬಂದ. ಅಪ್ಪನ ಮುಖ ನೋಡಿದ. ಮೊದಲು ಕೇಳಿದ್ದು: “ಊರು ದಾಟಿದ ಮ್ಯಾಲ ಹೋಗಿದ್ದಲ್ರಿ? ಖರೆ?”

ನಾನು ಬಾಯಿ ತೆರೆಯುವ ಮೊದಲೇ ಶಾರದಕ್ಕ “ದಾಟಿದ ಮ್ಯಾಲ ಅಣ್ಣಾ” ಅಂದಳು. ಆಗ ಅವನು ಅತ್ತ. ನಿಜವಾಗಿಯೇ ಅತ್ತ. ಅವನನ್ನು ಕಟುಕ ಎಂದು ಬರೆದರೆ ಸುಳ್ಳಾಗುತ್ತದೆ. ಅಂಜಿಕೆ ಅವನ ಅಳುವನ್ನೂ ಸಾಲಿನಲ್ಲಿ ನಿಲ್ಲಿಸಿತ್ತು, ಅಷ್ಟೆ. ನನಗೆ ಸಿಟ್ಟು ಬಂದದ್ದು ನಮ್ಮ ಮೇಲೆ.

ಗದಗಿಗೆ ಬಂದವಳೇ ದೊಡ್ಡ ಡಾಕ್ಟರ ಖೋಲಿಗೆ ನುಗ್ಗಿದೆ. ಸರಕಾರಿ ಆಸ್ಪತ್ರೆಯಲ್ಲಿ ಸರ್ಜನ್ ಆಗಿದ್ದು ನಿವೃತ್ತರಾದ ಮೇಲೆ ನಮ್ಮಲ್ಲಿಗೆ ಬಂದವರು ಅವರು. ಗೋಡೆಯ ಮೇಲೆ ಪಂಚಾಂಗದ ಕ್ಯಾಲೆಂಡರು ತೂಗುಹಾಕಿದ್ದರು. ಯಾವ ದಿನ ಎಷ್ಟು ಹಾಸಿಗೆ ಖಾಲಿ ಇಡಬೇಕೆಂದು ಅದರಲ್ಲೇ ನೋಡುತ್ತಿದ್ದರು ಎಂಬುದು ನನಗೆ ಆಗ ತಿಳಿಯಿತು.

“ಸರ್, ನಾವು ಪಂಚಕದ ಗೋದಾಮು ಆಗೇವಿ.”

“ಆಗ್ಲಿ. ಗೋದಾಮಿನ್ಯಾಗ ಹಾಸಿಗಿ ಐತಿ, ಮಾರ್ಫಿನ್ ಐತಿ, ಶಾರದಾ ಅದಾಳ. ಕೊಟ್ಟಿಗ್ಯಾಗ ಏನೈತಿ? ಬ್ಯಾಡ ಅಂದ್ರ ಅಲ್ಲೇ ಹಾಕ್ತಾರ. ನಾ ನೋಡೀನಿ, ನೀ ನೋಡಿಲ್ಲ.”

“ಬ್ಯಾಡ ಅನ್ನೋಣು ಅಂತ ನಾನೆಲ್ಲಿ ಅಂದೆ? ಪೇಶಂಟಿಗೆ ಒಂದ್ ಮಾತು ಕೇಳೋಣು ಅಂತೀನಿ.”

“ಏನಂತ?”

“ಬರ್ತೀರೇನಂತ.”

ಡಾಕ್ಟರು ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು. ಇಷ್ಟು ವರ್ಷ ನಾವು ಮಗನನ್ನು ಕೇಳಿದ್ದೆವು, ಅಣ್ಣತಮ್ಮಂದಿರನ್ನು ಕೇಳಿದ್ದೆವು, ಅಳಿಯನನ್ನು ಕೇಳಿದ್ದೆವು. ಹಾಸಿಗೆಯ ಮೇಲೆ ಇದ್ದವರನ್ನು ಯಾರೂ ಕೇಳಿರಲಿಲ್ಲ.

“ಕೇಳಿದ್ರ ಉತ್ತರ ಬರ್ತೈತಿ” ಅಂದರು ಡಾಕ್ಟರು. “ಬರಂಗಿಲ್ಲ ಅಂದ್ರ ಆ ಉತ್ತರ ಹೊರಬೇಕಾಕ್ಕೈತಿ. ಹೊರತೀಯೇನು?”

“ಹೊರತೀನಿ.”

“ಆತು. ಕೇಳು.”

ಅಲ್ಲಿಂದ ನಮ್ಮ ರೀತಿ ಬದಲಾಯಿತು. ವ್ಯಾನು ಮನೆ ಮುಂದೆ ನಿಂತರೆ ಮೊದಲು ಎಲ್ಲರೂ ಕೋಣೆಯಿಂದ ಹೊರಗೆ. ಒಬ್ಬಳೇ ಕೂತು ಕೇಳುತ್ತಿದ್ದೆ. ಬಹಳ ಮಂದಿ ಬರ್ತೀನಿ ಅಂದರು. ಕೆಲವರು ಮನಸಾರೆ: “ಇಲ್ಲಿ ಮಾತಾಡಸಾಕ ಬರೋರ ಕಾಟ ಸಾಕಾಗೇತವಾ, ನಡಿ.” ಕೆಲವರು ಮಕ್ಕಳಿಗೆ ತ್ರಾಸ ಬೇಡ ಎಂದು. ಎರಡೂ ಅವರವರ ಉತ್ತರ, ಎರಡನ್ನೂ ಒಪ್ಪಿದೆ. ಬರಂಗಿಲ್ಲ ಎಂದವರು ಶಿರಹಟ್ಟಿಯ ಗಂಗವ್ವ.

ಗಂಗವ್ವ ಕಿರಾಣಿ ಅಂಗಡಿಯವರ ಮನೆಯ ಹಿರಿಸೊಸೆ, ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಹೊಟ್ಟೆಯ ಕ್ಯಾನ್ಸರು ಲಿವರಿಗೆ ಇಳಿದಿತ್ತು. ಮುಂದೆ ಅಂಗಡಿ, ಹಿಂದೆ ಮನೆ. ದೇವರ ಜಗಲಿಯ ಮಗ್ಗುಲಿನ ಸಣ್ಣ ಕೋಣೆ ಅವರದು. ಮಗ ಈರಣ್ಣ ಅಂಗಡಿಯಲ್ಲಿ ಕೂಡುತ್ತಿದ್ದ. ಆದರೆ ಮನೆಯಲ್ಲಿ ಮಾತು ನಡೆಯುತ್ತಿದ್ದದ್ದು ಗಂಗವ್ವನ ಮೈದುನ ಚನ್ನಪ್ಪನವರದು. ಅವರನ್ನು ಎಲ್ಲರೂ ಕಾಕಾ ಅನ್ನುತ್ತಿದ್ದರು. ಗಂಗವ್ವನ ಮೈ ತೊಳೆದು, ವಾಂತಿ ಹಿಡಿದು, ಹೊತ್ತಿಗೆ ಸರಿಯಾಗಿ ಗುಳಿಗೆ ಕೊಡುತ್ತಿದ್ದವಳು ಈರಣ್ಣನ ಹೆಂಡತಿ ಶೈಲಾ.

ಕಾಕಾ ಫೋನು ಮಾಡಿದರು. ಮಾಮೂಲು ಮಾತು, ಮಧ್ಯಾಹ್ನದೊಳಗೆ. ನಾನೂ ಶಾರದಕ್ಕನೂ ಹೋದೆವು. ಎಲ್ಲರನ್ನೂ ಪಡಸಾಲೆಗೆ ಕಳಿಸಿ ನಾನು ಗಂಗವ್ವನ ಮಂಚದ ಪಕ್ಕ ಕೂತೆ.

“ಗದಗಿಗೆ ಕರಕೊಂಡು ಹೋಗಾಕ ಬಂದೀವ್ರಿ ಯವ್ವಾ. ಬರ್ತೀರೇನ್ರಿ?”

ಗಂಗವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಪಂಚಕ ಇವತ್ತಾ ಹತ್ತತೈತೇನು?”

“ಹೌದ್ರಿ.”

“ಹಂಗನ್ನು. ಇಲ್ಲಂದ್ರ ಚನ್ನಪ್ಪ ಇಷ್ಟು ಚಹಾ ಕುಡ್ಯಾಂಗಿಲ್ಲ ಮುಂಜಾನಿಂದ.” ಹೊದಿಕೆ ಸರಿಮಾಡಿಕೊಂಡು ಮುಂದುವರಿಸಿದರು. “ನಾ ಬರಂಗಿಲ್ಲವಾ. ಇದಾ ಕೋಣ್ಯಾಗ ನಾಕು ಹಡದೀನಿ. ಇದಾ ಕೋಣ್ಯಾಗ ಸಾಯ್ತೀನಿ. ಹೋಗಿ ಹೇಳು ಅವರಿಗೆ.”

ಹೊರಗೆ ಬಂದು ಹೇಳಿದೆ. ಪಡಸಾಲೆಯಲ್ಲಿ ಕಾಕಾ ಎದ್ದು ನಿಂತರು.

“ಜಡ್ಡಾದಾಕಿ ಏನರೆ ಅಂತಾಳ. ನಿಮ್ಮನ್ನ ಕರೆಸಿದ್ದು ಒಯ್ಯಾಕ, ಅಭಿಪ್ರಾಯ ಕೇಳಾಕಲ್ಲ.”

“ಒಯ್ಯೂದು ಅವರನ್ನಾ ಅಲ್ಲೇನ್ರೀ? ಅವರ ಅಭಿಪ್ರಾಯ ಕೇಳದ ಇನ್ನ್ಯಾರದು ಕೇಳ್ಬೇಕು?”

ಇಲ್ಲಿ ನಾನು ಅವರ ನೆಲದಲ್ಲೇ ನಿಂತು ವಾದ ಮಾಡಿದೆ. ನೀವು ಲಿಂಗ ಕಟ್ಟಿಕೊಂಡವರು. ಸತ್ತರೆ ಸೂತಕ ಇಲ್ಲ ಅಂತೀರಿ. ಒಳ್ಳೇ ದಿನ, ಕೆಟ್ಟ ದಿನ ಇಲ್ಲ ಅಂತೀರಿ. ಮಠದ ಅಂಗಳದಲ್ಲಿ ಕೂತು ಪ್ರವಚನ ಕೇಳಿ ತಲೆ ಆಡಿಸುತ್ತೀರಿ. ಹಾಗಿದ್ದರೆ ಈ ಪಂಚಕ ನಿಮ್ಮ ಮನೆಯೊಳಗೆ ಯಾವ ಬಾಗಿಲಿಂದ ಬಂತು? ಒಳ್ಳೆಯ ವಾದ. ಢಾಲು ಗೆಲ್ಲುವ ವಾದ.

ಕಾಕಾ ಸಿಟ್ಟಾಗಲಿಲ್ಲ. ಮತ್ತೆ ಕೂತರು. “ಧರ್ಮ ಬ್ಯಾರೆ ತಂಗಿ, ಮನಿ ಬ್ಯಾರೆ. ಕೇಳು. ನಮ್ಮಣ್ಣ, ಈಕಿ ಗಂಡ, ರೇವತಿ ನಕ್ಷತ್ರದಾಗ ಹ್ವಾದ. ಮನಿ ಬಿಡ್ರಿ ಅಂತ ಓಣಿ ತುಂಬ ಹೇಳಿದ್ರು. ನಿನ್ನಂಗ ನಾನೂ ಆಗ ಹುಡುಗ, ನಿನ್ನಂಗ ಮಾತಾಡಿದೆ. ಬಿಡಲಿಲ್ಲ. ವರ್ಷ ತುಂಬೂದ್ರಾಗ ಈಕಿ ಸಣ್ಣ ಮಗ ಹ್ವಾದ. ಸಾಲಿಗೆ ಹೋಗೂ ಕೂಸು. ನಾನಾ ಎತ್ತಿಕೊಂಡು ಹ್ವಾದೆ ಮಣ್ಣಿಗೆ. ನಿನ್ನ ಪುಸ್ತಕದಾಗ ಇದಕ್ಕ ಏನೈತಿ, ಹೇಳು.”

ನನ್ನ ಪುಸ್ತಕದಲ್ಲಿ ಉತ್ತರ ಇತ್ತು. ಒಂದರ ಹಿಂದೆ ಒಂದು ಬಂದ ಮಾತ್ರಕ್ಕೆ ಒಂದರಿಂದ ಒಂದು ಬಂತು ಅಂತಲ್ಲ ಎಂದು ಹೇಳಬೇಕಿತ್ತು, ಹೇಳುವವಳೂ ಇದ್ದೆ. ಅಷ್ಟರಲ್ಲಿ ಒಳಗಿನಿಂದ ದನಿ ಬಂತು. ಕೋಣೆಯ ಬಾಗಿಲು ತೆರೆದೇ ಇತ್ತು, ಗಂಗವ್ವ ಎಲ್ಲ ಕೇಳಿಸಿಕೊಂಡಿದ್ದರು.

“ಚನ್ನಪ್ಪಾ.”

ಕಾಕಾ ತಲೆ ಎತ್ತಿದರು.

“ಅವನ್ನ ನಕ್ಷತ್ರ ಒಯ್ಯಲಿಲ್ಲೋ. ಜ್ವರ ಒಯ್ತು. ಗದಗಿಗೆ ದವಾಖಾನಿಗೆ ಒಯ್ಯೋಣು ಅಂತ ನಾ ಬಡಕೊಂಡೆ. ಪಂಚಕದ ಕಾಟ ಐತಿ, ತಾಯತ ಕಟ್ಟಸ್ಕೊಂಡು ಬರ್ತೀವಿ ಅಂತ ನೀವೆಲ್ಲಾರೂ ಹ್ವಾದ್ರಿ. ಅದ್ರಾಗ ಹೊತ್ತು ಹ್ವಾತು, ಕೂಸೂ ಹ್ವಾತು. ಇಷ್ಟು ವರ್ಷ ಅಂದಿಲ್ಲ ನಾ. ಈಗ ಅಂತೀನಿ. ಆ ಸುದ್ದಿ ತಗದು ನನ್ನ ಹೊರಗ ಹಾಕಬ್ಯಾಡ.”

ಕಾಕಾ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡರು. “ಹಂಗಾರ ನಿಮ್ಮ ಮನಿ, ನಿಮ್ಮ ಹಣೆಬಾರ” ಎಂದು ಹೆಂಡತಿಯನ್ನು ಕರೆದುಕೊಂಡು ಅಂಗಡಿಯ ಮಾಳಿಗೆಗೆ ಹೊರಟುಹೋದರು.

ಉಳಿದವನು ಈರಣ್ಣ. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. “ಮೇಡಂ, ನಂಗೂ ಒಬ್ಬಾಕಿ ಮಗಳದಾಳ. ಆಕಿಗೆ ಏನೂ ಆಗಂಗಿಲ್ಲಂತ ನೀವು ಗ್ಯಾರಂಟಿ ಕೊಡ್ತೀರೇನ್ರಿ?”

“ಇಲ್ಲ” ಅಂದೆ. “ಯಾರ ಜೀವಕ್ಕೂ ಗ್ಯಾರಂಟಿ ಕೊಡಂಗಿಲ್ಲ ನಾನು. ಪಂಚಕ ಇದ್ರೂ ಅಷ್ಟ, ಇರದಿದ್ರೂ ಅಷ್ಟ.”

ಶೈಲಾ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. “ಮಗಳ್ನ ಲಕ್ಷ್ಮೇಶ್ವರಕ್ಕ ನಮ್ಮವ್ವನ ಕಡೆ ಬಿಟ್ಟು ಬರ್ರಿ. ನಿಮಗ ಅಂಜಿಕಿ ಇದ್ರ ನೀವೂ ಅಲ್ಲೇ ಇರ್ರಿ. ನಾ ಹೋಗಂಗಿಲ್ಲ. ಅತ್ತಿ ಬಾಯಿ ಒರಸೋರು ಬೇಕಲ್ಲ.”

ಈರಣ್ಣ ಮಗಳನ್ನು ಬಿಟ್ಟು ಸಂಜೆಯೊಳಗೆ ತಿರುಗಿ ಬಂದ.

ನಾನು ಡಾಕ್ಟರಿಗೆ ಫೋನು ಹಚ್ಚಿದೆ. “ಸರ್, ಬರಂಗಿಲ್ಲಂತ.” ಡಾಕ್ಟರು ಅಂದರು: “ಶಾರದಾ ಅಲ್ಲೇ ಇರ್ಲಿ. ನೀನೂ ಅಲ್ಲೇ ಇರು. ಹೊರತೀನಿ ಅಂದಿದ್ದಿ. ಔಷಧ ಹೆಚ್ಚಿಂದು ನಾಳೆ ಕಳಸ್ತೀನಿ.” ಡ್ರೈವರು ಖಾಲಿ ವ್ಯಾನು ತಿರುಗಿಸಿಕೊಂಡು ಹೋದ. ಪಂಚಕದ ದಿನ ನಮ್ಮ ವ್ಯಾನು ಖಾಲಿ ಬಂದದ್ದು ಅದೇ ಮೊದಲು.

ಮರುದಿನದಿಂದ ಆ ಮನೆಗೆ ಯಾರೂ ಕಾಲಿಡಲಿಲ್ಲ. ಅಲ್ಲಿಯ ತನಕ ದಿನಾ ಮಾತಾಡಿಸಲು ಬಂದು, ಬಾಳೆಹಣ್ಣು ಇಟ್ಟು, ‘ಹೆಂಗಿದ್ದಾಕಿ ಹೆಂಗಾದಿ ಯವ್ವಾ’ ಎಂದು ಅತ್ತು ಹೋಗುತ್ತಿದ್ದ ಬೀಗರು ನೆಂಟರೆಲ್ಲ ಅಂಗಡಿಯ ಮುಂದೆಯೇ ನಿಂತು ವಿಚಾರಿಸಿ ತಿರುಗಿದರು. ಗಂಗವ್ವನಿಗೆ ಇದು ಭಾರೀ ಹಿಡಿಸಿತು. “ಪಂಚಕ ತಿಂಗಳ ತುಂಬಾ ಇದ್ರ ಛಲೋ ಇತ್ತಲ್ಲ ಶೈಲಾ. ಬಾಳೆಹಣ್ಣಿನ ಕಾಟ ತಪ್ಪಿತು.” ಬ್ಯಾನಿ ಎಷ್ಟಾಣೆ ಎಂದು ಶಾರದಕ್ಕ ಕೇಳಿದರೆ, “ಎರಡಾಣೆ. ಅಷ್ಟು ಇರ್ಲಿ, ಬದುಕೀನಂತ ಗೊತ್ತಾಗಾಕ” ಅಂದರು.

ಒಮ್ಮೆ ನಾನೊಬ್ಬಳೇ ಪಕ್ಕದಲ್ಲಿದ್ದಾಗ ಕೇಳಿದರು: “ನಿನಗ ಅಂಜಿಕಿ ಇಲ್ಲೇನು?”

“ಇಲ್ರಿ.”

“ನನಗ ಐತಿ.”

“ನಕ್ಷತ್ರದ್ದೇನ್ರಿ?”

“ಅದರದ್ದಲ್ಲ ಹುಚ್ಚಿ. ಸಾಯೂದರದು. ಸ್ವಲ್ಪ ಕೈ ಹಿಡಿ.”

ಹಿಡಿದೆ. ಇದಕ್ಕೆ ವಾದ ಇಲ್ಲ. ಇದ್ದಿದ್ದರೆ ನಾನು ಹೇಳದೇ ಬಿಡುತ್ತಿರಲಿಲ್ಲ.

ಪಂಚಕ ಇನ್ನೂ ಮುಗಿದಿರಲಿಲ್ಲ. ಒಂದು ಬೆಳಿಗ್ಗೆ, ಬಿಸಿಲು ಕಿಟಕಿಯಿಂದ ಮಂಚದ ಕಾಲಿಗೆ ಬಂದಿದ್ದಾಗ, ಶೈಲಾ ಹತ್ತಿಯಿಂದ ತುಟಿ ತೋಯಿಸುತ್ತಿದ್ದಾಗ, ಗಂಗವ್ವ ಹೋದರು. ಅದೇ ಕೋಣೆಯಲ್ಲಿ. ಉಸಿರು ದೂರ ದೂರವಾಗಿ, ಮುಂದಿನದು ಬರಲೇ ಇಲ್ಲ. ಶಾರದಕ್ಕ ಕಣ್ಣು ಮುಚ್ಚಿದಳು. ಈರಣ್ಣ ಅವ್ವನ ಪಾದ ಹಿಡಿದು ಕೂತುಬಿಟ್ಟ.

ಲಿಂಗವಂತರಲ್ಲಿ ಹೆಣವನ್ನು ಕೂಡಿಸಿ ಮಣ್ಣು ಮಾಡುತ್ತಾರೆ, ಮೈ ಸೆಟೆಯುವ ಮೊದಲೇ ಕೂಡಿಸಬೇಕು. ಹೊರಗಿನವರು ಯಾರೂ ಒಳಗೆ ಬರಲೊಲ್ಲರು. ನಾವೇ ನಾಲ್ವರು ಎತ್ತಿ ಗೋಡೆಗೆ ಆನಿಸಿ ಕೂಡಿಸಿದೆವು. ನನ್ನ ಸೊಂಟ ಮೊದಲ ಸಲ ಕಟಕ್ಕೆಂದದ್ದು ಅಲ್ಲಿಯೇ ಎಂದು ನನ್ನ ಗುಮಾನಿ. ಸುದ್ದಿ ತಿಳಿದು ಕಾಕಾ ಬಂದರು, ಹೊಸ್ತಿಲ ಹೊರಗೇ ನಿಂತರು. “ಬೆನ್ನಿಗೆ ಹಲಗಿ ಕೊಡ್ರಿ. ತಲಿ ವಾಲಬಾರದು. ಹಣಿಗೆ ವಿಭೂತಿ ದಪ್ಪಗ ಹಚ್ಚು ಶೈಲಾ, ಆಕಿ ಹಂಗಾ ಹಚ್ಕೋತಿದ್ಲು.” ಹೇಳುತ್ತ ಹೇಳುತ್ತ ಅವರ ದನಿ ಒಡೆಯಿತು. ಕಾಲು ಮಾತ್ರ ಒಳಗೆ ಬರಲಿಲ್ಲ.

ಮಣ್ಣು ಮುಗಿಸಿ ಬಂದರು. ಕಾಕಾ ಜೊತೆಗೆ ದೊಡ್ಡ ಕೀಲಿ ತಂದಿದ್ದರು, ಆಳಿನ ತಲೆಯ ಮೇಲೆ ಬಾರಿಮುಳ್ಳಿನ ಹೊರೆ. “ಈರಣ್ಣಾ, ಅವ್ವನ ಆಸೆ ತೀರ್ತು. ಇನ್ನ ನನ್ನ ಮಾತು ಕೇಳು. ಸಾಮಾನು ತಗೀರಿ, ಕೀಲಿ ಹಾಕೂನು.”

ಈರಣ್ಣ ಒಳಗೆ ನೋಡಿದ. ಅಡುಗೆಮನೆಯಲ್ಲಿ ಶೈಲಾ ಒಲೆ ಹಚ್ಚಿದ್ದಳು. ಸತ್ತ ಮನೆಯಲ್ಲಿ, ಅದೇ ದಿನ, ಅದೂ ಪಂಚಕದಲ್ಲಿ. ಚಹಾದ ವಾಸನೆ ಬಾಗಿಲ ತನಕ ಬಂತು. ಅವಳು ಅಲ್ಲಿಂದಲೇ ಅಂದಳು: “ಕೀಲಿ ಹಾಕೂದಿದ್ರ ನನ್ನ ಒಳಗಿಟ್ಟು ಹಾಕ್ರಿ ಕಾಕಾ. ಅತ್ತಿ ಇಲ್ಲಿಂದ ಹೋಗಾಕ ಒಲ್ಲೆ ಅಂದ್ಲು. ಆಕಿ ಬಾಣಂತಿಯಾಗಿ ಮಲಗಿದ ಕೋಣಿಗೆ, ನನ್ನ ಬಾಣಂತನ ಮಾಡಿದ ಕೋಣಿಗೆ, ನಾ ಮುಳ್ಳು ಹಚ್ಚಾಕ ಒಲ್ಲೆ.”

ನಾನು ಪಡಸಾಲೆಯಲ್ಲೇ ಇದ್ದೆ. ನಂಬಿ, ಒಂದು ಮಾತೂ ಆಡಲಿಲ್ಲ. ಅದು ನನ್ನ ಸರದಿಯಾಗಿರಲಿಲ್ಲ.

ಈರಣ್ಣ ಆಳಿನ ತಲೆಯಿಂದ ಮುಳ್ಳಿನ ಹೊರೆ ಇಳಿಸಿಕೊಂಡ. ಎರಡೂ ಕೈಗೆ ಗೀರಿ ರಕ್ತ ಬಂತು. ಮನೆ ಸುತ್ತಿ ಹಿತ್ತಲಿಗೆ ಒಯ್ದು ಒಗೆದು ಬಂದ. ಕಾಕಾ ಕಟ್ಟೆಯ ಮೇಲೆ ಕೂತರು. ಕೀಲಿ ಅವರ ತೊಡೆಯ ಮೇಲಿತ್ತು. ಶೈಲಾ ಕಪ್ಪು-ಬಸಿಯಲ್ಲಿ ಚಹಾ ತಂದು ಹೊಸ್ತಿಲಲ್ಲಿ ನಿಂತಳು. “ಒಳಗ ಬರ್ರಿ ಕಾಕಾ.” ಕಾಕಾ “ಬರಂಗಿಲ್ಲ” ಅಂದರು. ಅವಳು ಹೊರಗೇ ತಂದು ಕೊಟ್ಟಳು. ಸ್ವಲ್ಪ ಹೊತ್ತು ಹಿಡಿದುಕೊಂಡೇ ಕೂತಿದ್ದರು. ಆಮೇಲೆ ಕುಡಿದರು.

ಈ ಕತೆಯನ್ನು ಎಲ್ಲಿ ಹೇಳಿದರೂ, ಓದಿದವರಿರಲಿ ಓದದವರಿರಲಿ, ಕೊನೆಗೆ ದನಿ ತಗ್ಗಿಸಿ ಒಂದು ಪ್ರಶ್ನೆ ಕೇಳುತ್ತಾರೆ. “ಆಮ್ಯಾಲೆ? ಆ ಮನ್ಯಾಗ ಯಾರಿಗೂ ಏನೂ ಆಗಲಿಲ್ಲೇನ್ರಿ?” ವಿಚಾರವಾದಿಗಳು ಅನ್ನಿಸಿಕೊಳ್ಳುವವರೂ ಕೇಳಿದ್ದಾರೆ. ಏನೂ ಆಗಲಿಲ್ಲ ಎಂದು ನನ್ನ ಬಾಯಿಂದ ಕೇಳಿ ಚಪ್ಪಾಳೆ ಹೊಡೆಯುವ ಆಸೆ ಅವರಿಗೆ.

ನಾನು ಹೇಳುವುದಿಲ್ಲ. ಆ ಮನೆ ಆಮೇಲೆ ಹೇಗಿದೆ ಎಂದು ನನಗೆ ಗೊತ್ತು. ಆದರೂ ಹೇಳುವುದಿಲ್ಲ. ಏನೂ ಆಗಲಿಲ್ಲ ಅಂದರೆ, ಆಗಬಹುದಿತ್ತು ಎಂದು ಒಪ್ಪಿದಂತೆ. ನಾಳೆ ಇನ್ನೊಂದು ಮನೆಯಲ್ಲಿ ಕೂಸಿಗೆ ಜ್ವರ ಬಂದರೆ ಅದೇ ನನ್ನ ಮಾತು ತಿರುಗಿ, ಇನ್ನೊಬ್ಬ ಮುದುಕಿಯ ಮಂಚವನ್ನು ಕೊಟ್ಟಿಗೆಗೆ ಹಾಕುತ್ತದೆ. ನೀವು ಈ ಕೆಲಸಕ್ಕೆ ಬರುವವರು, ನಿಮ್ಮನ್ನೂ ಕೇಳುತ್ತಾರೆ. ಉತ್ತರ ಕೊಡಬೇಡಿ. ಆ ಮನೆಯ ಬಗ್ಗೆ ಕೇಳಬೇಕಾದ ಪ್ರಶ್ನೆ ಒಂದೇ ಇತ್ತು, ಅದನ್ನು ಕೇಳಬೇಕಾಗಿದ್ದದ್ದು ಒಬ್ಬರನ್ನೇ. ಗಂಗವ್ವನಿಗೆ ತನ್ನ ಕೋಣೆಯಲ್ಲಿ ಸಾಯಬೇಕಾಗಿತ್ತು.

ಸತ್ತರು.